ರೋಗಿಗೆ ರೋಗಿ ಬರೆದ ಓಲೆ

ಮನೆಯಲ್ಲಿ ಮದುವೆಯಾದರೆ ಊರಿಗೆಲ್ಲ ಓಲೆ ಕಳುಹಿಸುತ್ತೇವೆ. ಮನೆಯಲ್ಲಿ ಕಾಯಿಲೆಯಾದರೆ ಬಾಗಿಲು ಹಾಕಿಕೊಳ್ಳುತ್ತೇವೆ. ನಮ್ಮ ಗೃಹಸ್ಥರಲ್ಲಿ ಇದು ಬಹುಕಾಲದಿಂದ ನಡೆದುಬಂದ ಪದ್ಧತಿ. ನೆಗಡಿ, ಜ್ವರ, ಮಂಡಿನೋವುಗಳನ್ನು ನಾವು ಯಾರೊಡನೆ ಬೇಕಾದರೂ ಹೇಳಿಕೊಳ್ಳುತ್ತೇವೆ. ಆದರೆ ಕ್ಷಯ, ಕ್ಯಾನ್ಸರ್, ಮನೋವ್ಯಾಧಿ, ಹೆಂಗಸರ ದೇಹಕ್ಕೆ ಸಂಬಂಧಪಟ್ಟ ರೋಗಗಳು, ಇವುಗಳ ಮಾತು ಬಂದೊಡನೆ ಧ್ವನಿ ತಗ್ಗುತ್ತದೆ. ಮಗಳ ಸಂಬಂಧ ಕೆಟ್ಟೀತು, ನೆರೆಯವರು ಲೋಟ ಮುಟ್ಟಲು ಹಿಂಜರಿದಾರು, ಕರ್ಮಫಲವೆಂದು ಬಂಧುಗಳು ಆಡಿಕೊಂಡಾರು ಎಂಬ ಭಯಗಳು ಒಂದರ ಮೇಲೊಂದಾಗಿ ನಿಂತು ರೋಗಿಯ ಬಾಯನ್ನು ಕಟ್ಟುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಪದ್ಧತಿ ತಲೆಯೆತ್ತಿದೆ. ರೋಗವನ್ನು ಅನುಭವಿಸಿದವರು ತಮ್ಮ ಅನುಭವವನ್ನು ತಾವೇ ಬರೆದು, ಅದೇ ರೋಗದಿಂದ ನರಳುತ್ತಿರುವ ಇತರರಿಗೆ ಮುಟ್ಟಿಸುತ್ತಿದ್ದಾರೆ. ಯಾವ ಪುಸ್ತಕವನ್ನು ಓದಬೇಕು, ಯಾರ ಮಾತನ್ನು ಕೇಳಬೇಕು ಎಂಬ ಸೂಚನೆಯನ್ನೂ ಅದರ ಜೊತೆಗೆ ಸೇರಿಸುತ್ತಾರೆ. ಇದರಿಂದ ಆಗುವ ಉಪಕಾರವೇನು, ಒದಗಬಹುದಾದ ಅಪಾಯವೇನು ಎಂಬುದನ್ನು ನಮ್ಮ ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂದು ನಮ್ಮ ಅಪೇಕ್ಷೆ. ಈ ವಿಷಯ ನಮ್ಮ ಮನೆಯ ಹೊಸ್ತಿಲನ್ನೇ ದಾಟಿ ಬಂದುದರಿಂದ ಇದನ್ನು ಕೇವಲ ಪುಸ್ತಕದ ಮಾತಾಗಿ ನಾವು ಬರೆಯಲಾರೆವು.

ನಾವಿರುವುದು ಬೆಂಗಳೂರಿನ ಪೂರ್ವಭಾಗದ ಹಲಸೂರಿನಲ್ಲಿ, ಸೋಮೇಶ್ವರನ ಗುಡಿಗೆ ಅನತಿದೂರದಲ್ಲಿ. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ಬೀಡುಬಿಟ್ಟ ಮೇಲೆ ಈ ಭಾಗಕ್ಕೆ ಕಂಟೋನ್ಮೆಂಟ್ ಎಂಬ ಹೆಸರಾಯಿತು. 1947ರ ಜುಲೈ ತಿಂಗಳಲ್ಲಿ ಇದು ಮೈಸೂರು ಸಂಸ್ಥಾನಕ್ಕೆ ಹಿಂದಿರುಗಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದುವು. ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಬರುವ ಈ ಪ್ರದೇಶದಲ್ಲಿ ರೋಗವನ್ನು ಬಚ್ಚಿಟ್ಟು ಜನರು ಪಟ್ಟ ಪಾಡಿಗೆ ಒಂದು ದೊಡ್ಡ ಚರಿತ್ರೆಯೇ ಇದೆ.

1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಮಹಾಮಾರಿಯು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕಿತು. ಅಧಿಕಾರಿಗಳು ಮನೆಮನೆಯನ್ನು ಶೋಧಿಸಿದರು. ರೋಗಿಗಳನ್ನು ಬೇರೆಯ ಶಿಬಿರಗಳಿಗೆ ಸಾಗಿಸಿದರು. ಅವರ ಸಂಗಡ ಇದ್ದವರನ್ನೂ ಪ್ರತ್ಯೇಕವಾಗಿರಿಸಿದರು. ಊರಿನಲ್ಲಿ ದೂರವಾಣಿಯ ತಂತಿಗಳನ್ನು ಎಳೆದುದೇ ಈ ಪ್ಲೇಗಿನ ಕಾರ್ಯವನ್ನು ಹೊಂದಿಸಿಕೊಂಡು ಹೋಗುವುದಕ್ಕಾಗಿ ಎಂದು ಹೇಳುತ್ತಾರೆ. ಆದರೆ ತಂತಿಯ ಮೂಲಕ ಅಧಿಕಾರಿಯು ಅಧಿಕಾರಿಯೊಡನೆ ಮಾತನಾಡಿದನೇ ಹೊರತು, ರೋಗಿಯು ಯಾರೊಡನೆಯೂ ಮಾತನಾಡಲಿಲ್ಲ. ಹೇಳಿದರೆ ಮನೆಯವರಿಂದ ಅಗಲಿಸಿ ಎಲ್ಲಿಗೋ ಒಯ್ಯುವರೆಂಬ ಹೆದರಿಕೆಯಿಂದ ಜನರು ಕಂಕುಳ ಗಂಟನ್ನು ಬಟ್ಟೆಯಿಂದ ಮುಚ್ಚಿದರು, ಸತ್ತವರ ಸುದ್ದಿಯನ್ನೂ ಅಡಗಿಸಿದರು. ಇಲಿಯ ಮೈಮೇಲಣ ಚಿಗಟವೇ ಈ ರೋಗದ ವಾಹಕವೆಂದು ಫ್ರೆಂಚ್ ವೈದ್ಯ ಸಿಮೊಂ ಅದೇ 1898ರಲ್ಲಿ ಕಂಡುಹಿಡಿದಿದ್ದರೂ, ಆ ಮಾತು ಲೋಕಕ್ಕೆ ಒಪ್ಪಿಗೆಯಾಗಲು ಎಷ್ಟೋ ವರ್ಷಗಳು ಹಿಡಿದುವು. ಆ ಬಳಿಕ ಕಂಟೋನ್ಮೆಂಟಿನಲ್ಲಿ ಇಲಿಗಳಿಗೆ ಎಡೆಗೊಡದ ಮನೆಗಳೂ ಅಗಲವಾದ ಬೀದಿಗಳೂ ಉಳ್ಳ ಫ್ರೇಜರ್ ಟೌನ್ ಎಂಬ ಬಡಾವಣೆ ಎದ್ದಿತು. ಇಲ್ಲಿಯ ಎಂಜಿನಿಯರಾಗಿದ್ದ ಸ್ಟೀಫೆನ್ಸ್ ಎಂಬವರು ಪ್ಲೇಗನ್ನು ತಡೆಯುವ ಊರಿನ ರಚನೆಯನ್ನು ಕುರಿತು 1914ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಇಲಿಯ ಬಿಲವನ್ನು ಮುಚ್ಚುವ ವಿದ್ಯೆ ನಮಗೆ ಹೀಗೆ ಬಂದಿತು; ರೋಗಿಯ ಬಾಯನ್ನು ತೆರೆಯಿಸುವ ವಿದ್ಯೆ ಮಾತ್ರ ಬರಲಿಲ್ಲ.

ಹೆಂಗಸರ ಸಂಗತಿ ಇನ್ನೂ ಕಠಿಣವಾಗಿತ್ತು. ಪರಪುರುಷನಾದ ಡಾಕ್ಟರಿಗೆ ಮೈ ತೋರಿಸಲಾರದೆ ಎಷ್ಟೋ ಮಂದಿ ಮನೆಯಲ್ಲಿಯೇ ಕಣ್ಣು ಮುಚ್ಚಿದರು. ಗೋಷಾ ಪದ್ಧತಿಯ ಸ್ತ್ರೀಯರಿಗಾಗಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಔದಾರ್ಯದಿಂದ ಶಿವಾಜಿನಗರದಲ್ಲಿ ಆದ ಘೋಷಾ ಆಸ್ಪತ್ರೆ ಇಂದಿಗೂ ಇದೆ. ಹತ್ತಿರದಲ್ಲಿಯೇ ಬೌರಿಂಗ್ ಆಸ್ಪತ್ರೆಯ ಜೊತೆಗೆ ಲೇಡಿ ಕರ್ಜನ್ ಎಂಬ ಹೆಸರೂ ಸೇರಿಕೊಂಡಿದೆ. ಆಸ್ಪತ್ರೆಗಳಾದುವು, ಲೇಡಿ ಡಾಕ್ಟರುಗಳು ಬಂದರು. ಆದರೂ ಸಂಕೋಚವು ಮನೆಬಿಟ್ಟು ಹೋಗಲಿಲ್ಲ.

ಅದು ನಮ್ಮ ಮನೆಯನ್ನೂ ಬಿಟ್ಟಿರಲಿಲ್ಲವೆಂಬುದನ್ನು ನಾವು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಕೆಳಗೆ ನಮ್ಮ ಅತ್ತಿಗೆಯವರಿಗೆ ಎದೆಯಲ್ಲಿ ಕಡಲೆಗಾತ್ರದ ಒಂದು ಗಂಟು ಕಾಣಿಸಿತು. ನೋವಿರಲಿಲ್ಲ. ನೋವಿಲ್ಲದುದರಿಂದ ಅಪಾಯವಿಲ್ಲವೆಂದು ಅವರು ತಮಗೆ ತಾವೇ ಹೇಳಿಕೊಂಡು ಐದು ತಿಂಗಳು ಸುಮ್ಮನಿದ್ದರು. ಅಣ್ಣನವರಿಗೂ ತಿಳಿಸಲಿಲ್ಲ. ಎದೆಯ ಗಂಟುಗಳೆಲ್ಲ ಕ್ಯಾನ್ಸರ್ ಅಲ್ಲವೆಂಬುದು ನಿಜ. ಆದರೆ ನೋವಿಲ್ಲದ ಗಂಟು ನಿರಪಾಯವೆಂಬುದು ಮಾತ್ರ ದೊಡ್ಡ ತಪ್ಪು ತಿಳಿವಳಿಕೆ. ಅವರನ್ನು ಆಸ್ಪತ್ರೆಗೆ ಹೊರಡಿಸಿದವರು ನಾವಲ್ಲ, ಡಾಕ್ಟರೂ ಅಲ್ಲ. ಅವರು ಎಂದೂ ನೋಡದಿದ್ದ ಒಬ್ಬ ಹೆಂಗಸು.

ಆಕೆ ಕೃಷ್ಣರಾಜಪುರದ ಕಡೆಯ ಒಬ್ಬ ಉಪಾಧ್ಯಾಯಿನಿ. ತಮಗೆ ಇದೇ ರೋಗ ಬಂದಾಗ ಮೊದಲಿನ ದಿನದಿಂದ ಕಡೆಯ ದಿನದವರೆಗೆ ನಡೆದುದನ್ನೆಲ್ಲ ಮಕ್ಕಳ ನೋಟುಬುಕ್ಕೊಂದರಲ್ಲಿ ಬರೆದಿಟ್ಟಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ ಹೆಂಗಸರು ಅದರ ಹಾಳೆಗಳ ಭಾವಚಿತ್ರ ತೆಗೆದು ಕೈ ದೂರವಾಣಿಯಲ್ಲಿ ಒಬ್ಬರಿಂದೊಬ್ಬರಿಗೆ ಸಾಗಿಸಿದರು. ಕನ್ನಡ ಓದಲು ಬಾರದವರಿಗೆ ಯಾರಾದರೂ ತಮಿಳಿನಲ್ಲಿಯೋ ಉರ್ದುವಿನಲ್ಲಿಯೋ ಅರ್ಥ ಹೇಳುತ್ತಿದ್ದರಂತೆ. ಹೀಗೆ ಸಾಗುತ್ತ ಬಂದ ಹಾಳೆಗಳು ಒಂದು ಮಧ್ಯಾಹ್ನ ನಮ್ಮ ಅತ್ತಿಗೆಯವರ ಕೈ ಸೇರಿದುವು. ಮೊದಲನೆಯ ಹಾಳೆಯಲ್ಲಿಯೇ, ನೋವಿಲ್ಲವೆಂದು ತಾವು ಎಷ್ಟು ದಿನ ಸುಮ್ಮನಿದ್ದೆವೆಂಬುದನ್ನು ಆ ತಾಯಿ ಬರೆದಿದ್ದರು. ಅದನ್ನು ಓದಿದ ಅತ್ತಿಗೆಯವರು ಅಂದು ರಾತ್ರಿ ಅಣ್ಣನವರ ಮುಂದೆ ಬಾಯಿಬಿಟ್ಟರು.

ಆ ಬರಹದಲ್ಲಿ ಇದ್ದುದೇನು? ಪಾಂಡಿತ್ಯವೇನೂ ಇರಲಿಲ್ಲ. ಆಸ್ಪತ್ರೆಗೆ ಹೋಗುವಾಗ ಹಳೆಯ ವರದಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡು ಹೋಗಬೇಕು. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಳ್ಳಬೇಕು. ಕೂದಲು ಉದುರುವ ಮುಂಚೆಯೇ ಗಿಡ್ಡವಾಗಿ ಕತ್ತರಿಸಿಕೊಂಡರೆ ದುಃಖ ಸ್ವಲ್ಪ ಕಡಿಮೆ. ಬಾಯಿಹುಣ್ಣಿದ್ದಾಗ ಖಾರ ಬಿಟ್ಟು ಮೆತ್ತಗಿನ ಮೊಸರನ್ನ ಸೇರುತ್ತದೆ. ಹೀಗೆ ಅಡಿಗೆಮನೆಯ ಭಾಷೆಯ ಮಾತುಗಳು. ಒಂದು ಮಾತಿನ ಕೆಳಗೆ ಮಾತ್ರ ಕೆಂಪು ಶಾಯಿಯ ಎರಡು ಗೆರೆಗಳಿದ್ದುವು: ಕೀಮೋ ಔಷಧಿ ನಡೆಯುತ್ತಿರುವ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿತೆಂದರೆ, ಅದು ನಡುರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಈ ಮಾತನ್ನು ಡಾಕ್ಟರೂ ಹೇಳಿದ್ದರು. ಆದರೆ ಡಾಕ್ಟರು ಹೇಳಿದ ಹತ್ತು ಮಾತುಗಳಲ್ಲಿ ಹೆದರಿದ ಮನಸ್ಸಿಗೆ ಎರಡೇ ನಿಲ್ಲುತ್ತವೆ. ಎರಡನೆಯ ಸುತ್ತಿನ ಔಷಧಿಯ ನಂತರ ಒಂದು ರಾತ್ರಿ ಅತ್ತಿಗೆಯವರ ಮೈ ಸುಟ್ಟಾಗ, ಕಷಾಯ ಕುಡಿಸಿ ಮಲಗಿಸೋಣವೆಂದು ನಮ್ಮ ತಾಯಿಯವರು ಹೊರಟರು. ಕೆಂಪು ಗೆರೆಯ ನೆನಪಾದ ಅತ್ತಿಗೆಯವರು, "ಇಲ್ಲ ಅತ್ತೆ, ಆಟೋ ಕರೆಸಿರಿ" ಎಂದರು. ರಕ್ತದ ಬಿಳಿಯ ಕಣಗಳು ತೀರ ಇಳಿದಿದ್ದ ಆ ಸಮಯದಲ್ಲಿ ಸೋಂಕು ತಗಲಿತ್ತು. ಬೆಳಗಿನವರೆಗೆ ಕಾದಿದ್ದರೆ ಏನಾಗುತ್ತಿತ್ತೋ ಹೇಳುವುದು ಕಷ್ಟವೆಂದು ಡಾಕ್ಟರು ಆಮೇಲೆ ಹೇಳಿದರು.

ರೋಗಿಯು ರೋಗಿಗೆ ಬರೆಯುವ ಈ ಪದ್ಧತಿ ಲೋಕಕ್ಕೆ ಹೊಸತೇನೂ ಅಲ್ಲ. ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಗಾರ್ತಿ ಫ್ಯಾನಿ ಬರ್ನಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ ನಗರದಲ್ಲಿ ಎದೆಯ ಶಸ್ತ್ರಚಿಕಿತ್ಸೆಯಾಯಿತು. ನೆಪೋಲಿಯನ್ನನ ಸೇನೆಯ ಹೆಸರಾಂತ ವೈದ್ಯ ಲಾರೆಯು ಅದನ್ನು ನಡೆಸಿದನು. ಪ್ರಜ್ಞೆ ತಪ್ಪಿಸುವ ಔಷಧಿ ಇನ್ನೂ ಹುಟ್ಟಿರಲಿಲ್ಲ. ಆಕೆ ಎಚ್ಚರವಾಗಿಯೇ ಅದೆಲ್ಲವನ್ನೂ ಸಹಿಸಿದಳು. ಅದನ್ನು ತನ್ನ ಅಕ್ಕತಂಗಿಯರಲ್ಲಿ ಒಬ್ಬಳಾದ ಎಸ್ತರಳಿಗೆ ಪತ್ರವಾಗಿ ಬರೆದು ಮುಗಿಸಲು ಆಕೆಗೆ ತಿಂಗಳುಗಳೇ ಹಿಡಿದುವು. ಆಮೇಲೆ ಆಕೆ 1840ರವರೆಗೆ ಬಾಳಿದಳು. ಇನ್ನೂರು ವರ್ಷಗಳಾದರೂ ಆ ಪತ್ರವನ್ನು ಜನರು ಓದುತ್ತಿದ್ದಾರೆ.

ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯನು 1905ರಲ್ಲಿ ಬಡ ಕ್ಷಯರೋಗಿಗಳಿಗಾಗಿ ಒಂದು ತರಗತಿಯನ್ನು ತೆರೆದನು. ಪ್ರತಿಯೊಬ್ಬ ರೋಗಿಯೂ ಒಂದು ದಿನಚರಿಯ ಪುಸ್ತಕವನ್ನಿಟ್ಟು, ಅಂದಂದಿನ ಜ್ವರ, ಆಹಾರ, ವಿಶ್ರಾಂತಿಗಳನ್ನು ಬರೆದು ವಾರಕ್ಕೊಮ್ಮೆ ತರಬೇಕಾಗಿತ್ತು. ವೈದ್ಯನ ಎದುರಿನಲ್ಲಿಯೇ ಅವರು ಒಬ್ಬರ ಏಳಿಗೆಯನ್ನು ಒಬ್ಬರು ಕಂಡು ಧೈರ್ಯಗೊಳ್ಳುತ್ತಿದ್ದರು. 1935ರಲ್ಲಿ ಅದೇ ದೇಶದ ಏಕ್ರನ್ ಎಂಬ ಊರಿನಲ್ಲಿ ಕುಡಿತಕ್ಕೆ ದಾಸರಾಗಿದ್ದ ಇಬ್ಬರು, ಒಬ್ಬ ಷೇರುವ್ಯಾಪಾರಿ ಮತ್ತು ಒಬ್ಬ ಶಸ್ತ್ರವೈದ್ಯ, ತಮ್ಮ ತಮ್ಮ ಕಥೆಯನ್ನು ಪರಸ್ಪರ ಹೇಳಿಕೊಂಡು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘವನ್ನು ಕಟ್ಟಿದರು. 1957ರಲ್ಲಿ ಅದು ಭಾರತಕ್ಕೂ ಬಂದಿತು. ಬೆಂಗಳೂರಿನಲ್ಲಿಯೂ ಅದರ ಕೂಟಗಳು ನಡೆಯುತ್ತವೆ. ಅಲ್ಲಿ ಕುಲಗೋತ್ರ ಕೇಳುವಂತಿಲ್ಲ, ಪೂರ್ತಿ ಹೆಸರನ್ನು ಹೊರಗೆ ಆಡುವಂತಿಲ್ಲ. ಕಥೆ ಎಲ್ಲರದು, ಹೆಸರು ಯಾರದೂ ಅಲ್ಲ.

ಕನ್ನಡವೂ ಈ ವಿಷಯದಲ್ಲಿ ಬಡವಾಗಿಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು 'ತಾಯಿ ಮಗು', 'ದಾಂಪತ್ಯ ದೀಪಿಕೆ' ಮೊದಲಾದ ಗ್ರಂಥಗಳಿಂದ, ಹೆಂಗಸರು ಬಾಯಿಬಿಟ್ಟು ಕೇಳಲಾರದ ಪ್ರಶ್ನೆಗಳಿಗೆ ಉತ್ತರವನ್ನು ಮನೆಮನೆಗೆ ಮುಟ್ಟಿಸಿದರು. 1991ರಲ್ಲಿ ಅವರೂ ಕ್ಯಾನ್ಸರಿಗೆ ತುತ್ತಾದರು. ಈಚೆಗೆ ಬಿ. ವಿ. ಭಾರತಿಯವರು ತಮ್ಮ ಎದೆಯ ಕ್ಯಾನ್ಸರಿನ ಅನುಭವವನ್ನು 'ಸಾಸಿವೆ ತಂದವಳು' ಎಂಬ ಪುಸ್ತಕವಾಗಿ ಬರೆದಿದ್ದಾರೆ. ಉಪಾಧ್ಯಾಯಿನಿಯವರ ಹಾಳೆಗಳ ಕೊನೆಯಲ್ಲಿ ಇದನ್ನು ಓದಿರೆಂಬ ಸೂಚನೆಯಿತ್ತು.

ಇಷ್ಟು ಹೇಳಿದ ಮೇಲೆ ನಾಣ್ಯದ ಹಿಂಬದಿಯನ್ನೂ ತೋರಿಸುವುದು ನಮ್ಮ ಧರ್ಮ. ಮೂರನೆಯ ಸುತ್ತಿನ ಔಷಧಿಗೆ ಮೊದಲು ಅತ್ತಿಗೆಯವರು ಬಹಳ ಬಳಲಿದ್ದರು. ಆಗ ಇನ್ನೊಂದು ಬರಹ ಬಂದಿತು. ಒಬ್ಬರು ಇದೇ ರೋಗದಲ್ಲಿ ಕೀಮೋ ಔಷಧಿಯನ್ನು ಬಿಟ್ಟು, ಎಲೆಯ ಕಷಾಯವೊಂದನ್ನು ಕುಡಿದು, ಐದು ವರ್ಷಗಳಿಂದ ಸುಖವಾಗಿದ್ದಾರೆಂದು ಅದರಲ್ಲಿತ್ತು. ಬರಹ ಪ್ರಾಮಾಣಿಕವಾಗಿಯೇ ಇತ್ತು, ಮಾರಾಟದ ಮಾತಿರಲಿಲ್ಲ. "ಇನ್ನು ನನ್ನಿಂದಾಗದು, ಇದನ್ನೇ ಕುಡಿಯುತ್ತೇನೆ" ಎಂದು ಅತ್ತಿಗೆಯವರು ಹಟಹಿಡಿದರು. ಅಣ್ಣನವರೂ ಮೆತ್ತಗಾದರು. ಕಡೆಗೆ ಉಪಾಧ್ಯಾಯಿನಿಯವರನ್ನೇ ದೂರವಾಣಿಯಲ್ಲಿ ಕೇಳಿದೆವು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಅವರಿಗೆ ಆಪರೇಷನ್ ಆಗಿತ್ತೇ? ಮೊದಲು ಅದನ್ನು ವಿಚಾರಿಸಿರಿ" ಎಂದರು. ವಿಚಾರಿಸಿದಾಗ, ಅವರ ರೋಗವು ತೀರ ಮೊದಲ ಹಂತದಲ್ಲಿಯೇ ಸಿಕ್ಕಿತ್ತೆಂದೂ, ಕಷಾಯಕ್ಕೆ ಮುಂಚೆಯೇ ಗಂಟನ್ನು ತೆಗೆದು ವಿಕಿರಣ ಚಿಕಿತ್ಸೆಯನ್ನೂ ಮುಗಿಸಿದ್ದರೆಂದೂ ತಿಳಿದುಬಂದಿತು. ಕತ್ತಿ ಮಾಡಿದ ಕೆಲಸದ ಕೀರ್ತಿ ಎಲೆಗೆ ಸಂದಿತ್ತು! ಅತ್ತಿಗೆಯವರು ಮರುದಿನ ಆಸ್ಪತ್ರೆಗೆ ಹೋದರು.

ಅದೇ ಬರಹವನ್ನು ಓದಿದ ಇನ್ನೊಬ್ಬಾಕೆ, ಅತ್ತಿಗೆಯವರೊಡನೆ ಅದೇ ಬೆಂಚಿನಲ್ಲಿ ಕೂರುತ್ತಿದ್ದವರು, ಮತ್ತೆ ಬರಲಿಲ್ಲ. ಒಂಬತ್ತು ತಿಂಗಳಾದ ಮೇಲೆ ಬಂದಾಗ ರೋಗವು ಬೆನ್ನುಮೂಳೆಗೆ ಇಳಿದಿತ್ತು. ಆಕೆ ಈಗಿಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ, ಗುಣಪಡಿಸಬಹುದಾದ ಕ್ಯಾನ್ಸರಿದ್ದೂ ಆಸ್ಪತ್ರೆಯ ಚಿಕಿತ್ಸೆಯನ್ನು ಬಿಟ್ಟು ಬೇರೆ ಉಪಾಯಗಳನ್ನೇ ನಂಬಿದವರನ್ನು ಪರಿಶೀಲಿಸಿದರು. ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಅವರಲ್ಲಿ ಸಾವಿನ ಅಪಾಯ ಒಟ್ಟಿನಲ್ಲಿ ಎರಡೂವರೆ ಪಟ್ಟು. ಎದೆಯ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮಿಗಿಲು. ಈ ಲೆಕ್ಕವು ನಮ್ಮ ಕಣ್ಣಿಗೆ ಬೀಳುವುದಿಲ್ಲವೇಕೆ? ಬದುಕಿ ಉಳಿದವನು ತನ್ನ ಕಥೆಯನ್ನು ಬರೆಯುತ್ತಾನೆ. ಸತ್ತವನ ಲೇಖನಿ ನಿಂತುಹೋಗಿರುತ್ತದೆ. ಕಷಾಯ ಕುಡಿದು ಉಳಿದ ಒಬ್ಬನ ಬರಹ ನಮ್ಮ ಕೈಗೆ ಬರುತ್ತದೆ. ಉಳಿಯದವರ ಬರಹ ಬರುವುದೇ ಇಲ್ಲ. ಕ್ಯಾನ್ಸರ್, ಮಧುಮೇಹ ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಮಾಡುವುದನ್ನು 1954ರ ಶಾಸನವು ನಿಷೇಧಿಸಿದೆ ನಿಜ. ಆದರೆ ನೆರೆಯವರು ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತಿಗೆ ಯಾವ ಶಾಸನವೂ ಬೇಲಿ ಹಾಕಲಾರದು. ಆ ಬೇಲಿಯನ್ನು ನಮ್ಮ ವಿವೇಕವೇ ಹಾಕಬೇಕು.

ಇನ್ನೊಂದು ಹಾನಿಯೂ ನಡೆಯಿತು. ಯಾರೋ ಅವಸರದಿಂದ ನೋಟುಬುಕ್ಕಿನ ಹೆಸರಿದ್ದ ಹಾಳೆಯನ್ನೂ ಸೇರಿಸಿ ಸಾಗಿಸಿಬಿಟ್ಟರು. ಅದು ಸುತ್ತಿ ಸುತ್ತಿ, ಉಪಾಧ್ಯಾಯಿನಿಯವರ ಮಗಳಿಗೆ ಗೊತ್ತಾಗಿದ್ದ ಗಂಡಿನ ಮನೆಯವರನ್ನು ಮುಟ್ಟಿತು. ಸಂಬಂಧ ಮುರಿದುಬಿದ್ದಿತು. ಹಿಂದಿನವರು ಕಾಯಿಲೆಯನ್ನು ಬಚ್ಚಿಡುತ್ತಿದ್ದುದು ಬರಿಯ ಮೂಢತನದಿಂದಲ್ಲವೆಂಬುದು ಆಗ ನಮಗೆ ಮನವರಿಕೆಯಾಯಿತು. ಎಚ್‌ಐವಿ ರೋಗಿಯ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು 2017ರ ಕಾಯಿದೆ ವಿಧಿಸಿದೆ. ಉಳಿದ ರೋಗಗಳ ವಿಷಯದಲ್ಲಿಯೂ ಸಜ್ಜನರು ಪಾಲಿಸಬೇಕಾದ ನೀತಿ ಅದೇ.

ಆದಕಾರಣ ಇಂತಹ ಬರಹಗಳನ್ನು ಓದುವ, ಬರೆಯುವ, ಮತ್ತೊಬ್ಬರಿಗೆ ಸಾಗಿಸುವ ಗೃಹಸ್ಥರು ಗಮನಿಸಬೇಕಾದ ಕೆಲವು ಅಂಶಗಳನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಬರೆದವರಿಗೆ ಇದ್ದ ರೋಗವೂ ನಮಗಿರುವ ರೋಗವೂ ಹೆಸರಿನಲ್ಲಿ ಒಂದೇ ಆದರೂ ಬಗೆಯಲ್ಲಿ ಬೇರೆಯಾಗಿರಬಹುದು. ಎದೆಯ ಕ್ಯಾನ್ಸರಿನಲ್ಲಿಯೇ ಹಲವು ಬಗೆಗಳಿವೆ. ಒಂದಕ್ಕೆ ಕೊಡುವ ಮಾತ್ರೆ ಇನ್ನೊಂದಕ್ಕೆ ನಿಷ್ಪ್ರಯೋಜಕ. ಯಾವ ಬಗೆ, ಯಾವ ಹಂತ, ಬೇರೆ ಯಾವ ಚಿಕಿತ್ಸೆ ಆಗಿತ್ತು ಎಂದು ಕೇಳದೆ ಅನುಸರಿಸಬಾರದು.

ಎರಡನೆಯದಾಗಿ, ಬರಹದ ತಾರೀಖನ್ನು ನೋಡಬೇಕು. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊರೋನಾ ರೋಗವು ಬೆಂಗಳೂರನ್ನು ನಡುಗಿಸಿದಾಗ, ಆಮ್ಲಜನಕ ಎಲ್ಲಿ ಸಿಗುತ್ತದೆ, ಹಾಸಿಗೆ ಎಲ್ಲಿದೆ ಎಂಬ ಪಟ್ಟಿಗಳು ಕೈಯಿಂದ ಕೈಗೆ ಹರಿದಾಡಿದುವು. ಅವುಗಳಿಂದ ಉಳಿದ ಜೀವಗಳುಂಟು; ನೆನ್ನೆಯ ಪಟ್ಟಿಯನ್ನು ಹಿಡಿದು ಇಂದು ಅಲೆದು ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಂಡವರೂ ಉಂಟು. ಯಾವ ದಿನ, ಯಾವ ಗಂಟೆಯಲ್ಲಿ ವಿಚಾರಿಸಿದುದೆಂದು ಬರೆದವರೇ ನಿಜವಾಗಿ ಉಪಕಾರ ಮಾಡಿದವರು.

ಮೂರನೆಯದಾಗಿ, ಒಬ್ಬರ ಕಥೆಯನ್ನು ಸಾಗಿಸುವ ಮುಂಚೆ ಅವರ ಒಪ್ಪಿಗೆ ಪಡೆಯಬೇಕು. ಹೆಸರು, ವಿಳಾಸ, ಭಾವಚಿತ್ರ, ಆಸ್ಪತ್ರೆಯ ಚೀಟಿಯ ಸಂಖ್ಯೆ ಇವುಗಳನ್ನು ತೆಗೆದುಬಿಡಬೇಕು. ಹೆಸರಿಲ್ಲದಿದ್ದರೆ ಕಥೆಯ ಗುಣ ಕುಂದುವುದಿಲ್ಲ.

ನಾಲ್ಕನೆಯದಾಗಿ, ಕಥೆಯ ಕೊನೆಯಲ್ಲಿ ಬೆಲೆಯ ಪಟ್ಟಿ ಬಂದರೆ ಅದು ಕಥೆಯಲ್ಲ, ಅಂಗಡಿ.

ಕಡೆಯದಾಗಿ, ಓದಿ ಮನಸ್ಸಿಗೆ ಹಿಡಿದುದನ್ನು ಡಾಕ್ಟರಿಂದ ಮುಚ್ಚಿಡದೆ, ಹಾಳೆಯನ್ನೇ ಅವರ ಮುಂದಿಟ್ಟು ಕೇಳಬೇಕು. ಒಳ್ಳೆಯ ಡಾಕ್ಟರು ಅದಕ್ಕೆ ಸಿಡುಕುವುದಿಲ್ಲ. ಪ್ರ್ಯಾಟ್ ವೈದ್ಯನ ತರಗತಿಯಲ್ಲಿ ದಿನಚರಿಗಳನ್ನು ವೈದ್ಯನ ಎದುರಿನಲ್ಲಿ ಬಿಚ್ಚುತ್ತಿದ್ದರೆಂಬುದು ನೆನಪಿರಲಿ.

ಜೊತೆಗಾರರ ಮಾತಿನಿಂದ ಆಯುಸ್ಸು ಬೆಳೆಯುತ್ತದೆಯೇ? ಬೆಳೆಯುತ್ತದೆಂದು ಹಿಂದೊಮ್ಮೆ ನಂಬಿದ್ದರು. 2001ರಲ್ಲಿ ಪ್ರಕಟವಾದ ಕೆನಡಾ ದೇಶದ ದೊಡ್ಡ ಪರೀಕ್ಷೆಯೊಂದರಲ್ಲಿ, ಕೂಟಗಳಲ್ಲಿ ಸೇರಿ ಮನಸ್ಸು ಬಿಚ್ಚಿ ಮಾತನಾಡಿದ ಎದೆಯ ಕ್ಯಾನ್ಸರಿನ ರೋಗಿಗಳು ಹೆಚ್ಚು ದಿನ ಬಾಳಲಿಲ್ಲವೆಂದು ಕಂಡಿತು. ಆದರೆ ಅವರ ಕಳವಳವೂ ನೋವೂ ಕಡಿಮೆಯಾದುವು. ಇಷ್ಟು ಸಾಲದೇ? ಗುಣವಾಗುವ ಆಸೆ ತೀರಿದವರಿಗೂ ಸಲ್ಲಬೇಕಾದುದು ಇದೆ. 1994ರಲ್ಲಿ ಸ್ಥಾಪಿತವಾಗಿ, ನಮ್ಮ ಈ ಪೂರ್ವಭಾಗದಲ್ಲಿಯೇ ವರ್ತೂರಿನ ರಸ್ತೆಯ ಕಡೆ ನೆಲೆನಿಂತಿರುವ ಕರುಣಾಶ್ರಯವು, ಅಂತಹ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ಶುಶ್ರೂಷೆ ಮಾಡುತ್ತಿದೆ. ಬೆಂಚಿನ ಆ ಇನ್ನೊಬ್ಬಾಕೆಗೆ ಇದನ್ನು ತಿಳಿಸಿದವರೂ ಉಪಾಧ್ಯಾಯಿನಿಯವರೇ.

ಸಂಬಂಧ ಮುರಿದ ಮೇಲೆ ಅವರು ಬರೆಯುವುದನ್ನು ನಿಲ್ಲಿಸುವರೆಂದೇ ನಾವು ಎಣಿಸಿದ್ದೆವು. ಸ್ವಲ್ಪ ಕಾಲ ನಿಲ್ಲಿಸಿದ್ದರು ಕೂಡ. ಆಮೇಲೆ, ಮಗಳೇ ಹೊಸ ನೋಟುಬುಕ್ಕೊಂದನ್ನು ತಂದು ಮುಂದಿಟ್ಟಳಂತೆ. ಈಗ ಅದರಲ್ಲಿ ಹೆಸರಿಲ್ಲ, ಊರಿಲ್ಲ. ಪ್ರತಿ ಹಾಳೆಯ ಮೇಲೆ ತಾರೀಖು ಮಾತ್ರ ಇದೆ. ಜ್ವರದ ಮಾತಿನ ಕೆಳಗೆ ಎಂದಿನಂತೆ ಕೆಂಪು ಶಾಯಿಯ ಎರಡು ಗೆರೆಗಳಿವೆ.

ಸತ್ತ ಮಗುವನ್ನು ಎತ್ತಿಕೊಂಡು ಸಾವಿಲ್ಲದ ಮನೆಯ ಸಾಸಿವೆಗಾಗಿ ಬಾಗಿಲು ಬಾಗಿಲಿಗೆ ಅಲೆದ ಗೌತಮಿಯ ಕಥೆ ನಮ್ಮ ವಾಚಕರಿಗೆ ಗೊತ್ತಿದ್ದುದೇ. ಸಾಸಿವೆ ಆಕೆಗೆ ಸಿಗಲಿಲ್ಲ. ಆದರೆ ಪ್ರತಿಯೊಂದು ಮನೆಯವರೂ ಬಾಗಿಲು ತೆರೆದು ತಮ್ಮ ಮನೆಯ ಕಥೆಯನ್ನು ಹೇಳಿದರು. ಅದರಿಂದಲೇ ಆಕೆ ಎದ್ದು ನಿಂತಳು. ನಮ್ಮ ಅತ್ತಿಗೆಯವರು ಈಗ ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಿಬರುತ್ತಾರೆ. ಹೋದಾಗ ಬೆಂಚಿನ ಮೇಲೆ ಹೊಸ ಮುಖ ಯಾವುದಾದರೂ ಇದೆಯೇ ಎಂದು ನೋಡಿ, ಪಕ್ಕದಲ್ಲಿ ಕುಳಿತು, "ನಿಮಗೆ ಕನ್ನಡ ಓದಲು ಬರುತ್ತದೆಯೇ ಅಮ್ಮಾ?" ಎಂದು ಮೆಲ್ಲನೆ ಕೇಳುತ್ತಾರೆ.